39 ಗೋಲು ಬಾರಿಸಿದರೂ ತೆರೆಯದ ಬಾಗಿಲು

ಪೋರ್ಚುಗಲ್‌ನ ಕ್ರಿಸ್ಟಿಯಾನೊ ರೊನಾಲ್ಡೊ 2025ರ ಅಕ್ಟೋಬರ್ 14ರಂದು ಲಿಸ್ಬನ್‌ನಲ್ಲಿ ಹಂಗೆರಿ ವಿರುದ್ಧ ಎರಡು ಗೋಲು ಗಳಿಸಿದಾಗ, ವಿಶ್ವಕಪ್ ಅರ್ಹತಾ ಪಂದ್ಯಗಳ ಇತಿಹಾಸದಲ್ಲಿ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರನೆಂಬ ಹಿರಿಮೆ ಅವರದಾಯಿತು. ಅವರ ಲೆಕ್ಕ 41ಕ್ಕೆ ಏರಿತ್ತು. ಮರುದಿನದ ಪತ್ರಿಕೆಗಳು ರೊನಾಲ್ಡೊ ಅವರನ್ನು ಪರಿಚಯಿಸಬೇಕಾದ ಅಗತ್ಯ ಇರಲಿಲ್ಲ. ಆದರೆ ಅವರು ಹಿಂದಿಕ್ಕಿದ ಮನುಷ್ಯನನ್ನು ಮಾತ್ರ ಬಹುತೇಕ ಎಲ್ಲ ಪತ್ರಿಕೆಗಳೂ ಓದುಗರಿಗೆ ಪರಿಚಯಿಸಬೇಕಾಯಿತು. ಒಂಬತ್ತು ವರ್ಷಗಳ ಕಾಲ 39 ಗೋಲುಗಳೊಂದಿಗೆ ಆ ಪಟ್ಟಿಯ ಅಗ್ರಸ್ಥಾನದಲ್ಲಿ ಕುಳಿತಿದ್ದವರು ಬ್ರೆಜಿಲ್‌ನವರಲ್ಲ, ಅರ್ಜೆಂಟೀನಾದವರಲ್ಲ, ಜರ್ಮನಿಯವರೂ ಅಲ್ಲ. ಅವರು ಮಧ್ಯ ಅಮೆರಿಕದ ಗ್ವಾಟೆಮಾಲಾದ ಕಾರ್ಲೋಸ್ ರೂಯಿಸ್. ಅರ್ಹತಾ ಸುತ್ತಿನಲ್ಲಿ ಇಷ್ಟೊಂದು ಗೋಲು ಬಾರಿಸಿದ ಈ ಮುನ್ಪಡೆ ಆಟಗಾರ ವಿಶ್ವಕಪ್ ಅಂಗಳಕ್ಕೆ ಒಮ್ಮೆಯೂ ಇಳಿಯಲಿಲ್ಲ. ಅವರ ದೇಶವೂ ಇಂದಿನವರೆಗೆ ಇಳಿದಿಲ್ಲ.

ಗ್ವಾಟೆಮಾಲಾ ಎಂದೊಡನೆ ನಮ್ಮ ಓದುಗರಿಗೆ ಸಾಹಿತ್ಯದ ನೊಬೆಲ್ ಪಡೆದ ಮಿಗೆಲ್ ಆಂಜೆಲ್ ಆಸ್ತೂರಿಯಾಸ್ ಅಥವಾ ಶಾಂತಿ ನೊಬೆಲ್ ಪಡೆದ ರಿಗೊಬೆರ್ತಾ ಮೆಂಚು ನೆನಪಾಗಬಹುದು. ಕಾಫಿ, ಬಾಳೆಹಣ್ಣು, ಮಾಯಾ ನಾಗರಿಕತೆಯ ಅವಶೇಷಗಳು ನೆನಪಾಗಬಹುದು. ಫುಟ್‌ಬಾಲ್ ಮಾತ್ರ ನೆನಪಾಗಲಾರದು. ಆದರೆ ಅಲ್ಲಿನ ಜನರಿಗೆ ಆ ಆಟ ಉಸಿರಿದ್ದಂತೆ. ಮಧ್ಯ ಅಮೆರಿಕದ ಏಳು ದೇಶಗಳಲ್ಲಿ ಅತ್ಯಂತ ಹೆಚ್ಚು ಜನಸಂಖ್ಯೆಯ ದೇಶ ಅದು. ನೆರೆಯ ಎಲ್ ಸಾಲ್ವಡಾರ್ ಎರಡು ಬಾರಿ ವಿಶ್ವಕಪ್ ಆಡಿದೆ. ಹೊಂಡುರಾಸ್ ಮೂರು ಬಾರಿ ಆಡಿದೆ. ಕೋಸ್ಟರಿಕಾ 2014ರಲ್ಲಿ ಎಂಟರ ಘಟ್ಟದವರೆಗೂ ಹೋಗಿ ಬಂದಿದೆ. ಬೇಸ್‌ಬಾಲ್ ಪ್ರಿಯರ ನಾಡೆನಿಸಿದ್ದ ಪನಾಮಾ ಕೂಡ 2018ರಲ್ಲಿ ರಷ್ಯಾಕ್ಕೆ ಹೋಯಿತು. ಗ್ವಾಟೆಮಾಲಾ ಮಾತ್ರ ನಿಕರಾಗುವ ಮತ್ತು ಬೆಲೀಜ್‌ಗಳ ಜೊತೆ ಹೊರಗೇ ಉಳಿದಿದೆ.

ರೂಯಿಸ್ ಹುಟ್ಟಿದ್ದು 1979ರ ಸೆಪ್ಟೆಂಬರ್ 15ರಂದು, ರಾಜಧಾನಿ ಗ್ವಾಟೆಮಾಲಾ ನಗರದಲ್ಲಿ. ಸ್ಪೇನ್‌ನ ಆಳ್ವಿಕೆಯಿಂದ ಬಿಡುಗಡೆ ಪಡೆದ ನೆನಪಿಗೆ ಆ ದೇಶ ಸ್ವಾತಂತ್ರ್ಯೋತ್ಸವ ಆಚರಿಸುವ ದಿನ ಅದು. ಆದರೆ ಆ ಮಗು ಕಣ್ಣು ತೆರೆದದ್ದು ಸಂಭ್ರಮದ ದೇಶದಲ್ಲೇನೂ ಅಲ್ಲ. 1960ರಲ್ಲಿ ಆರಂಭವಾದ ಅಂತರ್ಯುದ್ಧ ಆಗ ಅತ್ಯಂತ ಕ್ರೂರ ಘಟ್ಟದತ್ತ ಸಾಗುತ್ತಿತ್ತು. ಮೂವತ್ತಾರು ವರ್ಷಗಳ ಆ ಕದನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಕಾಣೆಯಾದರು. ಅವರಲ್ಲಿ ಬಹುಪಾಲು ಮಾಯಾ ಮೂಲನಿವಾಸಿಗಳು. ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು 1996ರ ಡಿಸೆಂಬರ್ ಕೊನೆಯಲ್ಲಿ.

ಅದೇ ವರ್ಷದ ಅಕ್ಟೋಬರ್ 16ರಂದು ರಾಜಧಾನಿಯ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಕೋಸ್ಟರಿಕಾ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ ನಡೆಯಬೇಕಿತ್ತು. ಕ್ರೀಡಾಂಗಣ ಹಿಡಿಸುವುದಕ್ಕಿಂತ ಎಷ್ಟೋ ಹೆಚ್ಚು ಜನ ಒಳನುಗ್ಗಿದ್ದರು. ನಕಲಿ ಟಿಕೆಟ್‌ಗಳ ಮಾರಾಟವೂ ನಡೆದಿತ್ತು. ಪಂದ್ಯ ಆರಂಭವಾಗುವ ಮುನ್ನವೇ ಉಂಟಾದ ನೂಕುನುಗ್ಗಲಿನಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ತಮ್ಮ ದೇಶ ವಿಶ್ವಕಪ್‌ಗೆ ಹೋಗುವುದನ್ನು ಕಾಣಬೇಕೆಂದು ಬಂದಿದ್ದವರು ಅವರು. ರೂಯಿಸ್‌ಗೆ ಆಗ ಹದಿನೇಳು ವರ್ಷ. ಎರಡು ವರ್ಷಗಳ ನಂತರ ಅವರು ರಾಷ್ಟ್ರೀಯ ತಂಡಕ್ಕೆ ಕಾಲಿಟ್ಟರು.

ಆ ಕ್ರೀಡಾಂಗಣದ ಹೆಸರಿಗೂ ಒಂದು ಕಥೆಯಿದೆ. ವಿಷಯದಿಂದ ತುಸು ಆಚೆ ಸರಿದರೂ ಹೇಳಬೇಕಾದದ್ದು. ಮಾಯಾ ಮೂಲದ ಓಟಗಾರ ದೊರೊತೆಯೊ ಗ್ವಾಮುಚ್ ಫ್ಲೋರೆಸ್ 1952ರಲ್ಲಿ ಬಾಸ್ಟನ್ ಮ್ಯಾರಥಾನ್ ಗೆದ್ದರು. ಅವರ ಹೆಸರನ್ನು ಉಚ್ಚರಿಸುವುದು ಅಮೆರಿಕನ್ನರ ನಾಲಿಗೆಗೆ ಕಷ್ಟವಾದ್ದರಿಂದ ಅವರು ‘ಮತೆಯೊ ಫ್ಲೋರೆಸ್’ ಆದರು ಎಂಬುದು ಪ್ರತೀತಿ. ಕ್ರೀಡಾಂಗಣಕ್ಕೂ ಅದೇ ಹೆಸರು ಅಂಟಿಕೊಂಡಿತು. ಓಟಗಾರನ ನಿಜನಾಮ ಕ್ರೀಡಾಂಗಣದ ಮೇಲೆ ಬರಲು 2016ರವರೆಗೆ ಕಾಯಬೇಕಾಯಿತು. ರೂಯಿಸ್ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದ್ದೂ ಅದೇ ವರ್ಷ.

‘ಎಲ್ ಪೆಸ್ಕಾದಿತೊ’ ಎಂಬುದು ರೂಯಿಸ್‌ಗೆ ಅಭಿಮಾನಿಗಳು ಕರೆಯುವ ಹೆಸರು. ಅಂದರೆ ಪುಟ್ಟ ಮೀನು. ರಾಜಧಾನಿಯ ಮುನಿಸಿಪಾಲ್ ಕ್ಲಬ್‌ನಲ್ಲಿ ಬೆಳೆದ ಈ ಮೀನು ಗ್ರೀಸ್‌ನ ಒಂದು ಕ್ಲಬ್‌ನಲ್ಲಿ ಸ್ವಲ್ಪ ಕಾಲ ಈಜಿ, 2002ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಗ್ಯಾಲಕ್ಸಿ ತಂಡವನ್ನು ಸೇರಿತು. ಗ್ಯಾಲಕ್ಸಿ ಆಗಿನ್ನೂ ಡೇವಿಡ್ ಬೆಕಮ್ ಬಂದು ಜಗತ್ತಿಗೆಲ್ಲ ಪರಿಚಿತವಾದ ತಂಡವಾಗಿರಲಿಲ್ಲ. ಮೇಜರ್ ಲೀಗ್ ಸಾಕರ್‌ನ ಫೈನಲ್‌ಗೆ ಮೂರು ಸಲ ಹೋಗಿ ಮೂರು ಸಲವೂ ಸೋತಿದ್ದ ತಂಡ ಅದು. ಮಧ್ಯ ಅಮೆರಿಕದಿಂದ ಯುದ್ಧಕ್ಕೆ ಹೆದರಿ, ಬಡತನಕ್ಕೆ ಬೇಸತ್ತು ವಲಸೆ ಬಂದ ಲಕ್ಷಾಂತರ ಮಂದಿ ನೆಲೆಸಿದ್ದ ನಗರ ಲಾಸ್ ಏಂಜಲೀಸ್. ಹೋಟೆಲುಗಳಲ್ಲಿ ಪಾತ್ರೆ ತೊಳೆಯುತ್ತ, ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತ ಬದುಕುತ್ತಿದ್ದ ಆ ಜನರಿಗೆ ತಮ್ಮೂರಿನ ಹುಡುಗನೊಬ್ಬ ಸಿಕ್ಕಿದ.

ಮೊದಲ ಋತುವಿನಲ್ಲೇ ರೂಯಿಸ್ 24 ಗೋಲು ಗಳಿಸಿ ಲೀಗ್‌ನ ಅತಿ ಹೆಚ್ಚು ಗೋಲಿನ ಪ್ರಶಸ್ತಿಯನ್ನೂ ಅತ್ಯಂತ ಮೌಲ್ಯಯುತ ಆಟಗಾರನೆಂಬ ಪ್ರಶಸ್ತಿಯನ್ನೂ ಬಾಚಿಕೊಂಡರು. ನಾಕೌಟ್ ಹಂತದಲ್ಲಿ ಮತ್ತೆ 8 ಗೋಲು ಗಳಿಸಿದರು. ಅಕ್ಟೋಬರ್ 20ರಂದು ಫಾಕ್ಸ್‌ಬರೊದಲ್ಲಿ ನಡೆದ ಫೈನಲ್‌ನಲ್ಲಿ ಎದುರಾಳಿ ನ್ಯೂ ಇಂಗ್ಲೆಂಡ್ ರೆವಲ್ಯೂಷನ್. ಪಂದ್ಯ ಅದರ ತವರಿನಲ್ಲೇ. ಅರವತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು. ನಿಗದಿತ 90 ನಿಮಿಷ ಗೋಲಿಲ್ಲದೆ ಮುಗಿಯಿತು. ಹೆಚ್ಚುವರಿ ಅವಧಿಯಲ್ಲಿ ಮೊದಲ ಗೋಲು ಗಳಿಸಿದವರೇ ಗೆದ್ದಂತೆ ಎಂಬ ‘ಗೋಲ್ಡನ್ ಗೋಲ್’ ನಿಯಮ ಆಗ ಜಾರಿಯಲ್ಲಿತ್ತು. 113ನೇ ನಿಮಿಷದಲ್ಲಿ ಆ ಒಂದು ಗೋಲನ್ನು ಗಳಿಸಿದವರು ರೂಯಿಸ್. ಚೆಂಡು ಬಲೆ ಸೇರಿದ ಕ್ಷಣವೇ ಪಂದ್ಯ ಮುಗಿದಿತ್ತು. ಗ್ಯಾಲಕ್ಸಿ ಮೊದಲ ಬಾರಿಗೆ ಚಾಂಪಿಯನ್ ಆಗಿತ್ತು.

ಅವರ ಆಟದಲ್ಲಿ ಕಣ್ಣಿಗೆ ಹಬ್ಬವೆನ್ನುವಂಥ ಬೆಡಗೇನೂ ಇರಲಿಲ್ಲ. ನಾಲ್ವರನ್ನು ಕೆಣಕಿ ದಾಟಿ ಹೋಗುವ ಚಳಕ ಅವರದಲ್ಲ. ಗೋಲಿನ ಮುಂದಿನ ಹದಿನೆಂಟು ಗಜದ ಆವರಣವೇ ಅವರ ಸಾಮ್ರಾಜ್ಯ. ಬೆನ್ನಿಗೆ ಅಂಟಿಕೊಂಡ ರಕ್ಷಣಾ ಆಟಗಾರನನ್ನು ಮೈಯಿಂದಲೇ ತಡೆದು ನಿಲ್ಲಿಸುವುದು, ಚೆಂಡು ಎಲ್ಲಿ ಬೀಳಲಿದೆ ಎಂಬುದನ್ನು ಅರೆಕ್ಷಣ ಮೊದಲೇ ಊಹಿಸುವುದು, ಎಡವಿದಂತೆ ಕಂಡರೂ ಎಡವದೆ ಕಾಲಿನ ತುದಿಯಿಂದ ಚೆಂಡನ್ನು ಬಲೆಗೆ ತಳ್ಳುವುದು ಅವರ ವಿದ್ಯೆ. ಎಡವದಿದ್ದರೂ ಬೀಳುವ ವಿದ್ಯೆಯಲ್ಲೂ ಅವರು ಪಳಗಿದವರೆಂದು ಎದುರಾಳಿಗಳು ಹಲ್ಲು ಕಡಿಯುತ್ತಿದ್ದರು. ಆ ಆರೋಪ ಪೂರ್ತಿ ಸುಳ್ಳೆಂದು ಅಭಿಮಾನಿಗಳೂ ವಾದಿಸಲಾರರು. ರೂಯಿಸ್ ಎದುರಾಳಿಗಳ ತಾಳ್ಮೆಯನ್ನು ಎಷ್ಟು ಪರೀಕ್ಷಿಸುತ್ತಿದ್ದರೆಂದರೆ, 2007ರಲ್ಲಿ ಹ್ಯೂಸ್ಟನ್ ತಂಡದ ಆಟಗಾರನೊಬ್ಬ ನೆಲಕ್ಕೆ ಬಿದ್ದಿದ್ದ ಅವರನ್ನು ಒದ್ದು, ಒಂಬತ್ತು ಪಂದ್ಯಗಳ ನಿಷೇಧಕ್ಕೆ ಗುರಿಯಾದ.

2005ರ ಹೊತ್ತಿಗೆ ಗ್ಯಾಲಕ್ಸಿಗೆ ಬೇರೆ ನಾಯಕ ಬೇಕಾಗಿದ್ದ. ಜರ್ಮನಿಯಿಂದ ಮರಳುತ್ತಿದ್ದ ಅಮೆರಿಕದ ತಾರೆ ಲ್ಯಾಂಡನ್ ಡೊನೊವನ್ ಅವರನ್ನು ಪಡೆಯುವ ಸಲುವಾಗಿ ಕ್ಲಬ್ ರೂಯಿಸ್ ಅವರನ್ನು ಡಲ್ಲಾಸ್ ತಂಡಕ್ಕೆ ಬಿಟ್ಟುಕೊಟ್ಟಿತು. ಅಲ್ಲಿಂದ ಮುಂದಿನದು ಅಲೆಮಾರಿಯ ಬದುಕು: ಮತ್ತೆ ಗ್ಯಾಲಕ್ಸಿ, ಟೊರಾಂಟೊ, ಪರಗ್ವೆಯ ಒಲಿಂಪಿಯಾ, ಮೆಕ್ಸಿಕೊದ ಪುಯೆಬ್ಲಾ, ಗ್ರೀಸ್‌ನ ಆರಿಸ್, ಫಿಲಡೆಲ್ಫಿಯಾ, ವೆರಾಕ್ರೂಸ್, ವಾಷಿಂಗ್ಟನ್. ಸೂಟ್‌ಕೇಸ್ ಪೂರ್ತಿ ಬಿಚ್ಚುವ ಮೊದಲೇ ಮತ್ತೆ ಕಟ್ಟಬೇಕಾದ ಬದುಕು. ಇಷ್ಟೆಲ್ಲದರ ನಡುವೆ ಬದಲಾಗದೆ ಉಳಿದದ್ದು ರಾಷ್ಟ್ರೀಯ ತಂಡದ ಅಂಗಿ ಮಾತ್ರ. ಅದನ್ನು ಅವರು 133 ಪಂದ್ಯಗಳಲ್ಲಿ ತೊಟ್ಟರು, 68 ಗೋಲು ಗಳಿಸಿದರು.

ಈ ಭಾಗದ ಅರ್ಹತಾ ಸುತ್ತು ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ವಿವರಿಸಬೇಕು. ಕ್ರಿಕೆಟ್‌ನಲ್ಲಿ ಕೆರಿಬಿಯನ್ ದ್ವೀಪಗಳೆಲ್ಲ ಸೇರಿ ವೆಸ್ಟ್ ಇಂಡೀಸ್ ಎಂಬ ಒಂದೇ ತಂಡ. ಫುಟ್‌ಬಾಲ್‌ನಲ್ಲಿ ಹಾಗಲ್ಲ, ಜಮೈಕಾ, ಟ್ರಿನಿಡಾಡ್, ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್ ಎಲ್ಲವೂ ಸ್ವತಂತ್ರ ತಂಡಗಳು. ಅಮೆರಿಕ, ಮೆಕ್ಸಿಕೊದಂಥ ಬಲಾಢ್ಯರು ಕೊನೆಯ ಹಂತಗಳಲ್ಲಿ ಬಂದು ಸೇರಿಕೊಳ್ಳುತ್ತಾರೆ. ಗ್ವಾಟೆಮಾಲಾದಂಥ ನಡುದರ್ಜೆಯ ತಂಡ ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕು. ಎರಡು ವರ್ಷ ದ್ವೀಪದಿಂದ ದ್ವೀಪಕ್ಕೆ ಹಾರಿ, ಗೆದ್ದು, ಕೊನೆಯಲ್ಲಿ ಒಂದೋ ಎರಡೋ ಅಂಕಕ್ಕೆ ಮುಗ್ಗರಿಸಿ, ಮುಂದಿನ ವಿಶ್ವಕಪ್‌ಗಾಗಿ ಮತ್ತೆ ಕೆಳಗಿನಿಂದ ಹತ್ತುವುದು. ರೂಯಿಸ್ ಇದನ್ನು ಐದು ಬಾರಿ ಮಾಡಿದರು.

ಮೊದಲ ಬಾರಿ, ಅಂದರೆ 2002ರ ವಿಶ್ವಕಪ್‌ಗಾಗಿ ನಡೆದ ಹೋರಾಟದಲ್ಲಿ ಗ್ವಾಟೆಮಾಲಾ ಮತ್ತು ಕೋಸ್ಟರಿಕಾ ಗುಂಪಿನಲ್ಲಿ ಸಮಬಲ ಸಾಧಿಸಿದವು. ತಟಸ್ಥ ತಾಣವಾದ ಮಿಯಾಮಿಯಲ್ಲಿ 2001ರ ಜನವರಿಯಲ್ಲಿ ನಿರ್ಣಾಯಕ ಪಂದ್ಯ ನಡೆಯಿತು. ಕೋಸ್ಟರಿಕಾ 5-2ರಿಂದ ಗೆದ್ದು, ಅಂತಿಮ ಸುತ್ತನ್ನೂ ದಾಟಿ ವಿಶ್ವಕಪ್‌ಗೆ ನಡೆಯಿತು.

ಎರಡನೆಯದು ಎದೆಗೆ ಇರಿದದ್ದು. 2006ರ ವಿಶ್ವಕಪ್‌ಗಾಗಿ ನಡೆದ ಅಂತಿಮ ಸುತ್ತಿನಲ್ಲಿ ಆರು ತಂಡಗಳು. ಮೊದಲ ಮೂರಕ್ಕೆ ನೇರ ಪ್ರವೇಶ, ನಾಲ್ಕನೆಯದಕ್ಕೆ ಏಷ್ಯಾದ ತಂಡವೊಂದರ ವಿರುದ್ಧ ಇನ್ನೊಂದು ಅವಕಾಶ. 2005ರ ಮಾರ್ಚ್‌ನಲ್ಲಿ ಗ್ವಾಟೆಮಾಲಾ ತನ್ನ ನೆಲದಲ್ಲಿ ಟ್ರಿನಿಡಾಡ್ ಮತ್ತು ಟೊಬೆಗೊ ತಂಡವನ್ನು 5-1ರಿಂದ ಮಣ್ಣುಮುಕ್ಕಿಸಿತ್ತು. ಸೆಪ್ಟೆಂಬರ್‌ನಲ್ಲಿ ಅದೇ ಟ್ರಿನಿಡಾಡ್‌ನ ನೆಲದಲ್ಲಿ, ಬ್ರಯಾನ್ ಲಾರಾ ಅವರ ನಾಡೆಂದೇ ನಾವು ಬಲ್ಲ ಆ ದ್ವೀಪದಲ್ಲಿ, ಪಂದ್ಯ ಮುಗಿಯಲು ಸುಮಾರು ಐದು ನಿಮಿಷ ಉಳಿದಿರುವವರೆಗೂ ಗ್ವಾಟೆಮಾಲಾ 2-1ರಿಂದ ಮುಂದಿತ್ತು. ಆಗ ಟ್ರಿನಿಡಾಡ್‌ನ ಸ್ಟರ್ನ್ ಜಾನ್ ಬೆನ್ನುಬೆನ್ನಿಗೆ ಎರಡು ಗೋಲು ಗಳಿಸಿದರು. ಗ್ವಾಟೆಮಾಲಾ 3-2ರಿಂದ ಸೋತಿತು. ಕೊನೆಯ ದಿನ ಕೋಸ್ಟರಿಕಾವನ್ನು 3-1ರಿಂದ ಸೋಲಿಸಿಯೂ ಪ್ರಯೋಜನವಾಗಲಿಲ್ಲ. ಅದೇ ದಿನ ಟ್ರಿನಿಡಾಡ್ ಮೆಕ್ಸಿಕೊವನ್ನೇ ಬಗ್ಗುಬಡಿಯಿತು. ಟ್ರಿನಿಡಾಡ್ 13 ಅಂಕ, ಗ್ವಾಟೆಮಾಲಾ 11. ಸೆಪ್ಟೆಂಬರ್‌ನ ಆ ಪಂದ್ಯವನ್ನು ಗೆಲ್ಲುವುದೂ ಬೇಕಿರಲಿಲ್ಲ, ಸಮ ಮಾಡಿಕೊಂಡಿದ್ದರೂ ಸಾಕಿತ್ತು. ಲೆಕ್ಕ 12-11ಕ್ಕೆ ತಿರುಗಿಬಿಡುತ್ತಿತ್ತು. ಮುಂದೆ ಬಹ್ರೇನ್ ತಂಡವನ್ನು ಮಣಿಸಿ ಟ್ರಿನಿಡಾಡ್ ಜರ್ಮನಿಗೆ ಹೋಯಿತು.

2010ರ ವಿಶ್ವಕಪ್‌ಗೆ ಮತ್ತದೇ ಟ್ರಿನಿಡಾಡ್ ಅಡ್ಡ ಬಂತು. ಆ ಸಲದ ಸೋಲಿನ ಬಗ್ಗೆ ಹೇಳಲು ಹೆಚ್ಚಿನದಿಲ್ಲ. 2014ರ ವಿಶ್ವಕಪ್‌ಗಾಗಿ 2012ರಲ್ಲಿ ನಡೆದ ಸುತ್ತಿನ ಕೊನೆಯ ಪಂದ್ಯ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿತ್ತು. ಐದನೇ ನಿಮಿಷದಲ್ಲೇ ರೂಯಿಸ್ ಗೋಲ್‌ಕೀಪರ್ ಟಿಮ್ ಹೋವರ್ಡ್ ಅವರನ್ನು ದಾಟಿ ಚೆಂಡನ್ನು ಬಲೆಗೆ ಸೇರಿಸಿದರು. ಇಡೀ ಗ್ವಾಟೆಮಾಲಾ ಎದ್ದು ನಿಂತಿತು. ಆದರೆ ಅಮೆರಿಕ ಮೂರು ಗೋಲು ಹಿಂದಿರುಗಿಸಿತು. ಅತ್ತ ಜಮೈಕಾ ಆಂಟಿಗುವಾ ತಂಡವನ್ನು 4-1ರಿಂದ ಸೋಲಿಸಿತು. ಜಮೈಕಾ, ಗ್ವಾಟೆಮಾಲಾ ಎರಡಕ್ಕೂ 10 ಅಂಕ. ಗೋಲು ಅಂತರದಲ್ಲಿ ಜಮೈಕಾ ಮುಂದಕ್ಕೆ ಹೋಯಿತು. ಅದೇ ವರ್ಷ ಗ್ವಾಟೆಮಾಲಾದ ಮೂವರು ಆಟಗಾರರು ಪಂದ್ಯಗಳನ್ನು ಮಾರಿಕೊಂಡ ಅಪರಾಧಕ್ಕಾಗಿ ಆಜೀವ ನಿಷೇಧಕ್ಕೆ ಒಳಗಾಗಿದ್ದರು. ಒಬ್ಬನು ಗೋಲಿಗಾಗಿ ಬೆವರು ಸುರಿಸುತ್ತಿದ್ದಾಗ, ಅವನ ಪಕ್ಕದಲ್ಲೇ ಆಡಿದವರು ಸೋಲಿಗೆ ಬೆಲೆ ಕಟ್ಟುತ್ತಿದ್ದರು.

ಇಲ್ಲಿಯವರೆಗಿನದನ್ನು ದುರದೃಷ್ಟ ಎಂದು ಕರೆಯಲು ಅಡ್ಡಿಯಿಲ್ಲ. ಕ್ರೀಡಾ ಬರಹಗಾರರು ಬಹುತೇಕ ಹಾಗೆಯೇ ಕರೆದಿದ್ದಾರೆ. ಆದರೆ ಹಣೆಬರಹದ ಮೇಲೆ ಹೊರೆ ಹಾಕುವ ಮುನ್ನ ನ್ಯೂಯಾರ್ಕ್‌ನ ನ್ಯಾಯಾಲಯದ ಕಡತಗಳತ್ತ ಒಮ್ಮೆ ನೋಡುವುದು ಒಳಿತು.

ಫಿಫಾ ಭ್ರಷ್ಟಾಚಾರ ಹಗರಣ 2015ರಲ್ಲಿ ಸ್ಫೋಟಗೊಂಡದ್ದು ಎಲ್ಲರಿಗೂ ಗೊತ್ತು. ಗ್ವಾಟೆಮಾಲಾ ಫುಟ್‌ಬಾಲ್ ಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಎಕ್ತೊರ್ ಟ್ರುಹಿಯೊ ಆ ವರ್ಷದ ಡಿಸೆಂಬರ್‌ನಲ್ಲಿ ಡಿಸ್ನಿ ಕಂಪನಿಯ ವಿಹಾರ ನೌಕೆಯೊಂದರಲ್ಲಿ ರಜೆ ಕಳೆಯುತ್ತಿದ್ದರು. ನೌಕೆ ಫ್ಲಾರಿಡಾದ ಬಂದರಿನಲ್ಲಿದ್ದಾಗ ಅಮೆರಿಕದ ಅಧಿಕಾರಿಗಳು ಅವರನ್ನು ಬಂಧಿಸಿದರು. ಅವರು ತಮ್ಮ ದೇಶದಲ್ಲಿ ನ್ಯಾಯಾಧೀಶರೂ ಆಗಿದ್ದವರು ಎಂಬುದನ್ನು ಗಮನಿಸಬೇಕು. ಸಂಸ್ಥೆಯ ಅಧ್ಯಕ್ಷ ಬ್ರಾಯನ್ ಹಿಮೆನೆಸ್ 2016ರ ಜನವರಿಯಲ್ಲಿ ಸೆರೆಸಿಕ್ಕರು. ಫಿಫಾ ಕಾರ್ಯಕಾರಿ ಸಮಿತಿಯಲ್ಲಿ ಕುಳಿತಿದ್ದ ಗ್ವಾಟೆಮಾಲಾದ ರಫಾಯೆಲ್ ಸಲ್ಗೆರೊ ಸಹ ಆರೋಪಪಟ್ಟಿಯಲ್ಲಿದ್ದರು. ಮೂವರೂ ತಪ್ಪೊಪ್ಪಿಕೊಂಡರು. 2017ರ ಅಕ್ಟೋಬರ್‌ನಲ್ಲಿ ಟ್ರುಹಿಯೊಗೆ ಎಂಟು ತಿಂಗಳ ಸೆರೆವಾಸ ವಿಧಿಸಲಾಯಿತು. ಆ ಬೃಹತ್ ಹಗರಣದಲ್ಲಿ ಶಿಕ್ಷೆಗೆ ಗುರಿಯಾದ ಮೊದಲ ವ್ಯಕ್ತಿ ಅವರೇ.

ಅವರು ಲಂಚ ಪಡೆದದ್ದು ಯಾವುದಕ್ಕಾಗಿ? ಗ್ವಾಟೆಮಾಲಾ ತವರಿನಲ್ಲಿ ಆಡುವ ವಿಶ್ವಕಪ್ ಅರ್ಹತಾ ಪಂದ್ಯಗಳ ಪ್ರಸಾರ ಹಾಗೂ ಮಾರಾಟ ಹಕ್ಕುಗಳನ್ನು ಒಂದು ಕಂಪನಿಗೆ ಒಪ್ಪಿಸಿದ್ದಕ್ಕಾಗಿ. ಅಂದರೆ ರೂಯಿಸ್ ಗೋಲು ಬಾರಿಸುತ್ತಿದ್ದ ಪಂದ್ಯಗಳೇ ಸರಕು. ಮೈದಾನಗಳಿಗೆ, ಕಿರಿಯರ ತರಬೇತಿಗೆ, ತಂಡದ ಪ್ರಯಾಣಕ್ಕೆ ಸಲ್ಲಬೇಕಾದ ಹಣ ಆ ದೇಶದಲ್ಲಿ ಹುಟ್ಟುತ್ತಲೇ ಇತ್ತು. ಅದು ಹುಟ್ಟುತ್ತಿದ್ದದ್ದು ಜನ ಆ ಪಂದ್ಯಗಳನ್ನು ನೋಡಲು ಹಂಬಲಿಸುತ್ತಿದ್ದುದರಿಂದ. ಹಂಬಲಿಸಲು ಒಂದು ಕಾರಣ ಆ ಪುಟ್ಟ ಮೀನು. ಆ ಹಣದ ಒಂದು ಪಾಲು ಅಧಿಕಾರಿಗಳ ಜೇಬು ಸೇರಿತು. 2005ರಲ್ಲಿ ಐದು ನಿಮಿಷ ಕಾಯ್ದುಕೊಳ್ಳಲಾಗದ ಸೋಲಿಗೆ ಈ ಲಂಚವೇ ಕಾರಣವೆಂದು ಯಾರೂ ಹೇಳಲಾರರು. ಇವು ಬೇರೆ ಬೇರೆ ಕಾಲದ ಸಂಗತಿಗಳು. ಆದರೆ ಆಟವನ್ನು ಜನರ ಸ್ವತ್ತೆಂದು ಕಾಣದೆ ಹೊಲದ ಬೆಳೆಯಂತೆ ಕೊಯ್ದುಕೊಳ್ಳುವ ಆಡಳಿತದ ಅಡಿಯಲ್ಲಿ, ತಂಡವೊಂದು ಒಬ್ಬನ ಕಾಲಿನ ಮೇಲೆಯೇ ಹದಿನೆಂಟು ವರ್ಷ ನಿಲ್ಲಬೇಕಾಗುತ್ತದೆ ಎಂಬುದು ಆಕಸ್ಮಿಕವಲ್ಲ.

ಅಧ್ಯಕ್ಷರು ಬಂಧಿತರಾದ ಎರಡು ತಿಂಗಳಿಗೆ, 2016ರ ಮಾರ್ಚ್ 25ರಂದು, ಅಮೆರಿಕ ತಂಡ ಗ್ವಾಟೆಮಾಲಾ ನಗರಕ್ಕೆ ಬಂತು. ಆ ಎದುರಾಳಿಯ ಮೇಲೆ ಗ್ವಾಟೆಮಾಲಾ ಗೆದ್ದು 28 ವರ್ಷಗಳಾಗಿದ್ದವು. ಏಳನೇ ನಿಮಿಷದಲ್ಲಿ ಮೊದಲ ಗೋಲು ಬಂತು. ಹದಿನೈದನೇ ನಿಮಿಷದಲ್ಲಿ ಎರಡನೆಯದು; ಅದು ಮೂವತ್ತಾರರ ಹರೆಯದ ರೂಯಿಸ್ ಅವರದು. 2-0 ಗೆಲುವು. ನಾಲ್ಕು ದಿನಗಳ ನಂತರ ಕೊಲಂಬಸ್‌ನಲ್ಲಿ ಅಮೆರಿಕ 4-0ರಿಂದ ಸೇಡು ತೀರಿಸಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಟ್ರಿನಿಡಾಡ್‌ನಲ್ಲಿ ಪಂದ್ಯ 2-2ರಲ್ಲಿ ಸಮವಾಯಿತು. ಅಲ್ಲಿಗೆ ಆಸೆ ಬಹುಮಟ್ಟಿಗೆ ಕಮರಿತ್ತು.

ಸೆಪ್ಟೆಂಬರ್ 6ರಂದು ಸೇಂಟ್ ವಿನ್ಸೆಂಟ್ ವಿರುದ್ಧ ಕೊನೆಯ ಪಂದ್ಯ. ರೂಯಿಸ್ ಆಗ 34 ಗೋಲುಗಳಲ್ಲಿದ್ದರು. ಇರಾನ್‌ನ ಅಲಿ ದಾಯಿ ಅವರ ದಾಖಲೆ 35. ಗ್ವಾಟೆಮಾಲಾ 9-3ರಿಂದ ಗೆದ್ದಿತು. ಅದರಲ್ಲಿ ಐದು ಗೋಲು ಒಬ್ಬರವೇ. ತಮ್ಮ 47ನೇ ಅರ್ಹತಾ ಪಂದ್ಯದಲ್ಲಿ, ರಾಷ್ಟ್ರೀಯ ತಂಡದ ಅಂಗಿಯಲ್ಲಿ ಕೊನೆಯ ಬಾರಿಗೆ, ರೂಯಿಸ್ ಜಗತ್ತಿನ ದಾಖಲೆಯನ್ನು ಬರೆದರು. ಗುಂಪಿನ ಪಟ್ಟಿಯಲ್ಲಿ ಟ್ರಿನಿಡಾಡ್ 11 ಅಂಕ, ಗ್ವಾಟೆಮಾಲಾ 10.

ಸೇಂಟ್ ವಿನ್ಸೆಂಟ್‌ನಂಥ ಪುಟ್ಟ ದ್ವೀಪದ ವಿರುದ್ಧ ಗಳಿಸಿದ ಗೋಲುಗಳಿಗೆ ಏನು ಬೆಲೆ ಎಂದು ಕೇಳುವವರಿದ್ದಾರೆ. ಕೇಳತಕ್ಕ ಪ್ರಶ್ನೆಯೇ. 39ರಲ್ಲಿ ಸಾಕಷ್ಟು ಗೋಲುಗಳು ಬೆಲೀಜ್, ಸೇಂಟ್ ಲೂಸಿಯಾದಂಥವರ ವಿರುದ್ಧ ಬಂದವು. ಆದರೆ ಯುರೋಪಿನ ತಾರೆಗಳಿಗೂ ಲಕ್ಸೆಂಬರ್ಗ್, ಅಂಡೋರಾ, ಫಾರೊ ದ್ವೀಪಗಳು ಸಿಗುತ್ತವೆ. ಅವರ ಗೋಲುಗಳನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗುವುದಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯವಾದ ಮಾತು ಬೇರೆ. ಈ ದಾಖಲೆ ಸಾಧ್ಯವಾದದ್ದರಲ್ಲಿ ದೇಶದ ಸೋಲಿನ ಪಾಲೂ ಇದೆ. ವಿಶ್ವಕಪ್ ತಲುಪಿದ ದೇಶದ ಆಟಗಾರ ತನ್ನ ಹೆಸರನ್ನು ವಿಶ್ವಕಪ್‌ನಲ್ಲಿ ಬರೆಯುತ್ತಾನೆ. ರೂಯಿಸ್‌ಗೆ ಬರೆಯಲು ಸಿಕ್ಕ ಹಾಳೆ ಅರ್ಹತಾ ಸುತ್ತು ಮಾತ್ರ. ಅದನ್ನೇ ಅವರು ತುಂಬಿಸಿಟ್ಟರು.

ಅವರು ನಿವೃತ್ತರಾದ ಮರುತಿಂಗಳೇ ಫಿಫಾ ಗ್ವಾಟೆಮಾಲಾ ಸಂಸ್ಥೆಯನ್ನು ಅಮಾನತು ಮಾಡಿತು. ತಾನು ನೇಮಿಸಿದ ಸುಧಾರಣಾ ಸಮಿತಿಗೆ ಸ್ಥಳೀಯ ಪಟ್ಟಭದ್ರರು ಒಪ್ಪಿಗೆ ಕೊಡಲಿಲ್ಲ ಎಂಬುದು ಕಾರಣ. 2018ರಲ್ಲಿ ಅಮಾನತು ತೆರವಾಗುವವರೆಗೆ ಒಂದು ಪೀಳಿಗೆಯ ಹುಡುಗರಿಗೆ ಆಡಲು ಅಂತರರಾಷ್ಟ್ರೀಯ ಪಂದ್ಯಗಳೇ ಇರಲಿಲ್ಲ. 2017ರ ಮಧ್ಯ ಅಮೆರಿಕ ಕಪ್‌ನಿಂದಲೂ ಅವರು ಹೊರಗುಳಿದರು.

ಅಲ್ಲಿಂದ ತಂಡ ನಿಧಾನವಾಗಿ ಮೇಲೆದ್ದಿತು. ಮೆಕ್ಸಿಕೊದ ಲೂಯಿಸ್ ಫರ್ನಾಂಡೊ ತೆನಾ ಅವರ ತರಬೇತಿಯಲ್ಲಿ 2025ರ ಗೋಲ್ಡ್ ಕಪ್‌ನಲ್ಲಿ ಕೆನಡಾವನ್ನು ಪೆನಾಲ್ಟಿಗಳಲ್ಲಿ ಮಣಿಸಿ ಸೆಮಿಫೈನಲ್ ತಲುಪಿತು. 2026ರ ವಿಶ್ವಕಪ್‌ಗೆ ತಂಡಗಳ ಸಂಖ್ಯೆ 48ಕ್ಕೆ ಏರಿತ್ತು. ಅಮೆರಿಕ, ಮೆಕ್ಸಿಕೊ, ಕೆನಡಾ ಆತಿಥೇಯರಾದ್ದರಿಂದ ಅರ್ಹತಾ ಸುತ್ತಿನಲ್ಲೇ ಇರಲಿಲ್ಲ. ಇಷ್ಟು ಹಗುರವಾದ ದಾರಿ ಹಿಂದೆಂದೂ ತೆರೆದಿರಲಿಲ್ಲ. ಕೊನೆಯ ಸುತ್ತಿನಲ್ಲಿ ಎದುರಾಳಿಗಳು ಪನಾಮಾ, ಸುರಿನಾಮ್ ಮತ್ತು ಎಲ್ ಸಾಲ್ವಡಾರ್. ತವರಿನಲ್ಲೇ ಎಲ್ ಸಾಲ್ವಡಾರ್‌ಗೆ ಒಂದು ಗೋಲಿನಿಂದ ಸೋಲು, ನವೆಂಬರ್ 13ರಂದು ತವರಿನಲ್ಲೇ ಪನಾಮಾಗೆ 3-2ರಿಂದ ಮತ್ತೊಂದು ಸೋಲು. ಐದು ದಿನಗಳ ನಂತರ ಕೊನೆಯ ಪಂದ್ಯದಲ್ಲಿ ಗ್ವಾಟೆಮಾಲಾ ಸುರಿನಾಮ್ ತಂಡವನ್ನು 3-1ರಿಂದ ಸೋಲಿಸಿತು. ಪನಾಮಾ 12 ಅಂಕಗಳೊಂದಿಗೆ ವಿಶ್ವಕಪ್‌ಗೆ ಹೋಯಿತು. ಎರಡನೇ ಸ್ಥಾನದ ಸುರಿನಾಮ್‌ಗೆ 9 ಅಂಕ. ಗ್ವಾಟೆಮಾಲಾಕ್ಕೆ 8.